ಗ್ಯಾಸ್ ತುಂಬಿಸುವ ಮೊದಲು

ತೀರ್ಥಹಳ್ಳಿ

ಪ್ರೀತಿಯ ಪುಟ್ಟೂಗೆ, ದೊಡ್ಡಪ್ಪನ ಆಶೀರ್ವಾದ. ನಾವೆಲ್ಲ ಕ್ಷೇಮ. ಅಡಿಕೆಗೆ ಮೊದಲ ಸಲದ ಔಷಧಿ ಹೊಡೆದಾಯಿತು.

ನಿನ್ನ ಫೋನ್ ಬಂದಾಗಿನಿಂದ ಮನಸ್ಸು ಆ ಗಾಡಿ ಮೇಲೇ ಇದೆ. ಎಸಿ ತೀರಾ ತಂಪಿಗೆ ಇಟ್ಟರೂ ಬೆಚ್ಚಗಿನ ಗಾಳಿ ಬರುತ್ತದೆ, ಮೆಕ್ಯಾನಿಕ್ ಎಸಿ ಗ್ಯಾಸ್ ತುಂಬಿಸೋಣ ಅಂತಾನೆ ಅಂದೆಯಲ್ಲ. ಈಗಲೇ ತುಂಬಿಸಬೇಡ. ನಾನೂ ಒಮ್ಮೆ ಇದೇ ತೊಂದರೆಗೆ ಒಂದು ಗ್ಯಾರೇಜಿನವರ ಮಾತು ಕೇಳಿ ಎಸಿ ಗ್ಯಾಸ್ ಒತ್ತುವ ಕಂಪ್ರೆಸರನ್ನೇ ಬದಲಾಯಿಸಿದೆ. ಬಿಸಿ ಗಾಳಿ ಹಾಗೇ ಬಂತು. ಕೊನೆಗೆ ನೋಡಿದರೆ ಎಂಜಿನ್ನಿನ ಬಿಸಿನೀರನ್ನು ಹೀಟರಿಗೆ ಬಿಡುವ ವಾಲ್ವಿನೊಳಗಿನ ರಬ್ಬರ್ ಹರಿದಿತ್ತು. ಸುಮ್ನೆ ಹೋದ ದುಡ್ಡು ಅದು, ಇವತ್ತಿಗೂ ಹೊಟ್ಟೆ ಉರಿಯುತ್ತದೆ.

1985ರ ಬೆಂಜ್ ಡೀಸೆಲ್ ಅದು, ಡಬ್ಲ್ಯೂ 123 ಮಾದರಿ. ಅದರಲ್ಲಿ ಗಾಳಿ ಮೊದಲು ತಂಪಾಗಿ, ಆಮೇಲೆ ಹೀಟರ್ ದಾಟಿ ಒಳಗೆ ಬರುತ್ತದೆ. ಎಷ್ಟು ಬಿಸಿನೀರು ಬಿಡಬೇಕು ಅನ್ನುವುದನ್ನು ವಾಲ್ವ್ ನೋಡಿಕೊಳ್ಳುತ್ತದೆ. ಅದಕ್ಕೆ ಕರೆಂಟ್ ಹೋಗದಿದ್ದರೆ ತೆರೆದೇ ಇರುತ್ತದೆ. ಒಂದು ಫ್ಯೂಸ್ ಸುಟ್ಟರೂ ಸಾಕು, ಒಳಗೆ ಬೆವರು ಸುರಿಯುತ್ತದೆ. ಹಾಗಾಗಿ ಮೊದಲು ಫ್ಯೂಸ್ ನೋಡು. ಆಮೇಲೆ ಎಂಜಿನ್ ಚೆನ್ನಾಗಿ ಬಿಸಿಯಾಗಲಿ, ಡ್ಯಾಶ್‌ಬೋರ್ಡಿನ ಶಾಖದ ಚಕ್ರವನ್ನು ಕಡಿಮೆಗೆ ಇಟ್ಟು ಸ್ವಲ್ಪ ಹೊತ್ತು ಎಂಜಿನ್ ಓಡಿಸು. ಆಫ್ ಮಾಡಿ, ಬಟ್ಟೆ ಹಿಡಿದು ವಾಲ್ವಿನ ಎರಡೂ ಕಡೆಯ ಪೈಪ್ ಮುಟ್ಟು. ಎರಡೂ ಒಂದೇ ಥರ ಸುಡುತ್ತಿದ್ದರೆ ವಾಲ್ವ್ ಮುಚ್ಚುತ್ತಿಲ್ಲ ಅಂತ ತಿಳಿ.

ಡ್ಯಾಶ್‌ಬೋರ್ಡಿನಲ್ಲಿ ಒಂದು ಸಣ್ಣ ಜಾಲರಿ ಇದೆ ಅಲ್ವಾ, ಅದರ ಹಿಂದೆ ಒಳಗಿನ ಶಾಖ ಅಳೆಯುವ ಸೆನ್ಸರ್ ಇದೆ. ಒಳಗಿನ ಗಾಳಿ ಅದರ ಮೇಲೆ ಹಾಯ್ದು ಹೋಗುತ್ತಿರಬೇಕು. ಬ್ಲೋವರ್ ಹಾಕಿ, ಟಿಶ್ಯೂ ಪೇಪರಿನ ಒಂದು ಪದರವನ್ನು ಜಾಲರಿಗೆ ಹಿಡಿ. ಅಂಟಿಕೊಂಡರೆ ಸರಿ. ಜಾರಿ ಬಿದ್ದರೆ ಹಿಂದಿನ ಪೈಪ್ ಕಳಚಿದೆ ಅಥವಾ ಒಡೆದಿದೆ. ಆಗ ಸೆನ್ಸರ್ ನಿಂತ ಗಾಳಿಯನ್ನೇ ಅಳೆಯುತ್ತದೆ, ಗಾಡಿ ತಪ್ಪು ಲೆಕ್ಕ ಹಾಕುತ್ತದೆ. ಸೆನ್ಸರ್ ಬಿಚ್ಚಿದರೆ ಮಲ್ಟಿಮೀಟರ್ ಕಚ್ಚಿಸಿ, ಬೆರಳ ನಡುವೆ ಹಿಡಿದುಕೋ. ಕೈ ಬಿಸಿ ತಾಗುತ್ತಿದ್ದಂತೆ ಓಮ್ಸ್ (ಕರೆಂಟಿಗೆ ಇರುವ ತಡೆಯ ಅಳತೆ) ನಿಧಾನಕ್ಕೆ ಇಳಿಯಬೇಕು. ಅಲ್ಲಾಡದೆ ನಿಂತರೆ ಸೆನ್ಸರ್ ಹೋಗಿದೆ.

ಇನ್ನೊಂದು ಮಾತು. ಕೀ ತಿರುಗಿಸಿ ಆಫ್ ಮಾಡಿದ ಮೇಲೂ ಎಂಜಿನ್ ಒಂದಷ್ಟು ಹೊತ್ತು ಓಡುತ್ತದೆಯಾ? ಗಾಳಿ ಮಧ್ಯದ ಕಿಂಡಿಗೆ ಬರದೆ ಗಾಜಿನ ಕಡೆಗೇ ಹೋಗುತ್ತದೆಯಾ? ಎರಡೂ ಇದ್ದರೆ ವ್ಯಾಕ್ಯೂಮ್, ಅಂದರೆ ಪಂಪ್ ಗಾಳಿ ಎಳೆದು ಪೈಪಿನಲ್ಲಿ ಮಾಡುವ ನಿರ್ವಾತ, ಎಲ್ಲೋ ಸೋರುತ್ತಿದೆ. ಗಾಳಿಯ ದಾರಿ ತಿರುಗಿಸುವುದಕ್ಕೂ, ಎಂಜಿನ್ ನಿಲ್ಲಿಸುವುದಕ್ಕೂ, ಡೋರ್ ಲಾಕಿಗೂ, ಬ್ರೇಕಿಗೂ ಅದೇ ಪಂಪ್. ಇದನ್ನು ಮಾತ್ರ ನಾಳೆ ಅಂತ ತಳ್ಳಬೇಡ.

ಇಷ್ಟೆಲ್ಲ ಸರಿ ಇದ್ದರೆ ಆಮೇಲೆ ಗ್ಯಾಸ್. ಮೊದಲಿಂದ ಅದಕ್ಕೆ ಇದ್ದದ್ದು ಆರ್-12 ಅನ್ನುವ ಹಳೆಯ ಗ್ಯಾಸ್. ಈಗ ಒಳಗೆ ಯಾವುದಿದೆ ಅಂತ ಕೇಳಿಕೊಳ್ಳದೆ ಅದರ ಮೇಲೆ ಆರ್-134ಎ ಅನ್ನುವ ಬೇರೆ ಗ್ಯಾಸ್ ತುಂಬಲು ಬಿಡಬೇಡ. ಎರಡಕ್ಕೂ ಆಯಿಲ್ ಬೇರೆ.

ಶಿವಮೊಗ್ಗದ ಸೆಕೆ ಹೇಗೋ ತಡೆಯಬಹುದು. ನನಗೆ ಭಯ ಇರುವುದು ಆಗುಂಬೆ ಘಾಟಿಯದು. ಆಟಿ ಮಳೆಯಲ್ಲಿ ಗಾಜು ಒಳಗಿಂದ ಬೆಳ್ಳಗಾದರೆ ಮುಂದಿನ ತಿರುವೇ ಕಾಣುವುದಿಲ್ಲ. ಎಸಿ ಗಾಳಿಯ ಪಸೆ ಹೀರಬೇಕು, ಹೀಟರ್ ಅದನ್ನು ಬೆಚ್ಚಗೆ ಮಾಡಬೇಕು. ಆಗಲೇ ಗಾಜು ಬೇಗ ತಿಳಿಯಾಗುವುದು. ಅದಾಗುವ ತನಕ ಆ ಗಾಡಿಯಲ್ಲಿ ಘಾಟಿ ಇಳಿಯಬೇಡ ಮಗಾ.

ಭಾನುವಾರ ಬಾ. ವ್ಯಾಕ್ಯೂಮ್ ನೋಡುವ ಕೈಪಂಪ್ ನನ್ನ ಹತ್ತಿರ ಇದೆ. ಬರುವಾಗ ಸಣ್ಣ ರಬ್ಬರ್ ಪೈಪ್ ಒಂದು ಮೀಟರ್ ತಗೊಂಡು ಬಾ. ದೊಡ್ಡಮ್ಮ ಕಳಲೆ ನೆನೆಹಾಕಿಡುತ್ತಾಳಂತೆ.

ನಿನ್ನ ದೊಡ್ಡಪ್ಪ