ಅಜ್ಜಿಗೆ ರೆಕ್ಕೆ ಹಚ್ಚಬೇಡ, ಮಗಳೇ

ಬೆಟಗೇರಿ, ಗದಗ

ಪ್ರೀತಿಯ ಮಗಳಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು. ಕರ್ತನ ಕೃಪೆಯಿಂದ ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ನಿನ್ನ ಪಪ್ಪಾನ ಮೊಣಕಾಲು ನೋವು ಕಡಿಮೆಯಾಗಿದೆ, ಈಗ ಚರ್ಚಿಗೆ ನಡೆದುಕೊಂಡೇ ಬರುತ್ತಾರೆ.

ಮೊನ್ನೆ ಫೋನಿನಲ್ಲಿ, "ಅವ್ವಾ, ಪಿಜಿಯಾಗ ನಾವೆಲ್ಲಾ ಕೂಡಿ ಲೂಸಿಫರ್ ಅಂತ ಸೈತಾನನ ಸೀರಿಯಲ್ ನೋಡಾಕತ್ತೇವಿ, ಅದನ್ನ ನೋಡೂದು ಪಾಪೇನು?" ಅಂತ ಕೇಳಿದ್ದಿ. ಮನೆ ತುಂಬ ಮಂದಿ ಇದ್ದರು, ಆಮೇಲೆ ಮಾತಾಡೋಣ ಅಂದೆ. ಮರುದಿನ ನಿನ್ನ ಸ್ಟೇಟಸ್ ನೋಡಿದೆ. ಅಜ್ಜಿಯ ಫೋಟೋಕ್ಕೆ ಎರಡು ಬಿಳಿ ರೆಕ್ಕೆ, ತಲೆಯ ಮೇಲೆ ಬಂಗಾರದ ಚಕ್ರ, ಕೆಳಗೆ "ನಮ್ಮ ಮನೆಯ ಏಂಜಲ್ ಈಗ ಸ್ವರ್ಗದಲ್ಲಿ" ಅಂತ ಬರಹ. ಅಜ್ಜಿಯ ಮೇಲಿನ ಪ್ರೀತಿಯಿಂದಲೇ ಹಾಕಿದ್ದೀ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ನಿನ್ನ ಪ್ರಶ್ನೆಯೂ ಆ ಸ್ಟೇಟಸ್ಸೂ ಒಂದೇ ಬೇರಿನಿಂದ ಹುಟ್ಟಿದವು ಅನಿಸಿತು. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ದೇವದೂತರ ಬಗ್ಗೆ ನಮ್ಮ ತಲೆಯಲ್ಲಿ ಇರುವುದರಲ್ಲಿ ಸತ್ಯವೇದದಿಂದ, ಅಂದರೆ ಬೈಬಲಿನಿಂದ ಬಂದದ್ದು ಎಷ್ಟು, ಪರದೆಯಿಂದ ಬಂದದ್ದು ಎಷ್ಟು ಅಂತ ಒಮ್ಮೆ ಕೂತು ಲೆಕ್ಕ ಹಾಕಿ ನೋಡು. ಪರದೆಯ ದೇವದೂತನಿಗೆ ನಮ್ಮನ್ನು ಬಿಟ್ಟರೆ ಬೇರೆ ಕೆಲಸವೇ ಇಲ್ಲ. ನಮ್ಮ ಕಣ್ಣೀರು ಒರೆಸುತ್ತಾನೆ, ನಮ್ಮ ಆಸೆ ಪೂರೈಸುತ್ತಾನೆ, ಕೆಲವೊಮ್ಮೆ ನಮ್ಮ ಮೇಲೆಯೇ ಮನಸ್ಸು ಮಾಡುತ್ತಾನೆ. ಅವನನ್ನು ಕಳಿಸಿದವನು ಯಾರು ಅಂದರೆ ಹೆಚ್ಚಿನ ಕಥೆಗಳು ಸುಮ್ಮನಾಗುತ್ತವೆ. ಸತ್ಯವೇದದಲ್ಲಿ ಕಳಿಸಿದವನೇ ಮುಖ್ಯ. ದೇವದೂತ ಗಬ್ರಿಯೇಲ ಯೇಸುವಿನ ತಾಯಿ ಮರಿಯಳ ಹತ್ತಿರ ಬಂದ, ದೇವರ ಮಾತು ಹೇಳಿದ, ಅವಳು ಕೇಳಿದ್ದಕ್ಕೆ ಉತ್ತರ ಕೊಟ್ಟ, ಹೊರಟುಹೋದ. ಅವನ ಮುಖ ಹೇಗಿತ್ತು, ಬಟ್ಟೆ ಯಾವ ಬಣ್ಣದ್ದು ಅಂತ ಸುವಾರ್ತೆ ಬರೆದ ಲೂಕನು ಒಂದು ಸಾಲೂ ಬರೆದಿಲ್ಲ. ಸಂಸೋನನ ಅಪ್ಪ ಮಾನೋಹ ದೇವದೂತನ ಹೆಸರು ಕೇಳಿದಾಗ ಹೆಸರೇ ಸಿಗಲಿಲ್ಲ. ನಾವು ಓದುವ ಸತ್ಯವೇದದಲ್ಲಿ ಹೆಸರು ಹೇಳಿರುವ ದೇವದೂತರು ಇಬ್ಬರೇ, ಗಬ್ರಿಯೇಲ ಮತ್ತು ಮೀಕಾಯೇಲ. ಕಥೋಲಿಕರ ಸತ್ಯವೇದದಲ್ಲಿ ರಫಾಯೇಲನೂ ಬರುತ್ತಾನೆ. ಪತಮೋಸ್ ದ್ವೀಪದಲ್ಲಿ ಯೋಹಾನನು ದೇವದೂತನ ಕಾಲಿಗೆ ಬಿದ್ದಾಗ ಆ ದೂತನು ತಡೆದ. ಹಾಗೆ ಮಾಡಬೇಡ, ನಾನೂ ನಿನ್ನ ಜೊತೆಯ ಸೇವಕನೇ, ದೇವರನ್ನು ಆರಾಧಿಸು ಅಂದ. ಇದು ನನಗೆ ಬಹಳ ದೊಡ್ಡ ಮಾತು.

ರೆಕ್ಕೆಯ ವಿಷಯಕ್ಕೆ ಬರುತ್ತೇನೆ. ಪ್ರವಾದಿ ಯೆಶಾಯನು ಕಂಡ ಸೆರಾಫಿಯರೆಂಬ ದೂತರಿಗೆ ಆರಾರು ರೆಕ್ಕೆ, ಅದರಲ್ಲಿ ಎರಡರಿಂದ ಮುಖ ಮುಚ್ಚಿಕೊಂಡಿದ್ದರು, ಎರಡರಿಂದ ಕಾಲು. ಯೆಹೆಜ್ಕೇಲನು ಕಂಡ ಜೀವಿಗಳಿಗೆ ನಾಲ್ಕು ರೆಕ್ಕೆ, ನಾಲ್ಕು ಮುಖ, ಮನುಷ್ಯನದು, ಸಿಂಹದ್ದು, ಎತ್ತಿನದು, ಹದ್ದಿನದು. ಪಕ್ಕದಲ್ಲಿ ಸುತ್ತಲೂ ಕಣ್ಣು ತುಂಬಿದ ಚಕ್ರಗಳು. ಇವನ್ನು ಯಾರೂ ಗ್ರೀಟಿಂಗ್ ಕಾರ್ಡಿನ ಮೇಲೆ ಹಾಕುವುದಿಲ್ಲ. ಅಬ್ರಹಾಮನ ಡೇರೆಗೆ ಬಂದ ದೂತರಿಗೋ ರೆಕ್ಕೆಯ ಸುದ್ದಿಯೇ ಇಲ್ಲ. ಬಿಸಿಲು ಹೊತ್ತಿನಲ್ಲಿ ಬಂದ ದಾರಿಹೋಕರ ಹಾಗೆ ಕಂಡರು. ಸಾರಳು ಹಿಟ್ಟು ನಾದಿ ರೊಟ್ಟಿ ಮಾಡಿದಳು, ಅವರು ಮರದ ಕೆಳಗೆ ಕೂತು ಊಟ ಮಾಡಿದರು. ರೋಮಿನ ನೆಲಮಾಳಿಗೆಯ ಸಮಾಧಿಗಳಲ್ಲಿ ಮೊದಲ ಕಾಲದ ಕ್ರೈಸ್ತರು ಬರೆದ ಚಿತ್ರಗಳಲ್ಲೂ ದೇವದೂತನಿಗೆ ರೆಕ್ಕೆ ಇಲ್ಲ. ನಾಲ್ಕನೆಯ ಶತಮಾನ ಮುಗಿಯುವ ಹೊತ್ತಿಗೆ ರೆಕ್ಕೆ ಬಂತು, ರೋಮಿನವರ ವಿಜಯದೇವತೆಯ ಮೂರ್ತಿಗಳಿಗೆ ಇದ್ದಂಥವೇ. ಇನ್ನು ಗಲ್ಲಕ್ಕೆ ಕೈ ಕೊಟ್ಟು ಮೇಲೆ ನೋಡುವ ಆ ಇಬ್ಬರು ದುಂಡು ಮಕ್ಕಳು, ಚಹಾದ ಕಪ್ಪಿನ ಮೇಲೂ ಸಿಗುತ್ತಾರಲ್ಲ, ಅವರು 1512ರ ಸುಮಾರಿಗೆ ಇಟಲಿಯ ರಫೇಲ್ ಬರೆದ ದೊಡ್ಡ ಚಿತ್ರದ ಬುಡದಲ್ಲಿದ್ದವರು. ಆ ರೂಪ ಹಳೆಯ ರೋಮಿನ ಕಾಮದೇವ ಕ್ಯುಪಿಡ್‌ನಿಂದ ಬಂದದ್ದು.

ಅಜ್ಜಿಯ ಕೋಣೆಯ ಪಟ ನಿನಗೆ ನೆನಪಿರಬೇಕು. ಮುರಿದ ಹಲಗೆಯ ಸೇತುವೆ, ಕೆಳಗೆ ಹೊಳೆ, ಕೈ ಕೈ ಹಿಡಿದ ಅಕ್ಕ ತಮ್ಮ, ಹಿಂದೆ ಬಂಗಾರದ ಕೂದಲಿನ ದೇವದೂತ. 1841ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಪಾದ್ರಿಗಳು ಬೆಟಗೇರಿಗೆ ಬಂದರು, ಅವರಲ್ಲಿ ಹೆಚ್ಚಿನವರು ಜರ್ಮನರು. ಜರ್ಮನ್ ಮನೆಗಳ ಗೋಡೆಯ ಮೇಲಿದ್ದ ಇಂಥ ಪಟಗಳು ನಮ್ಮ ಕಡೆಯ ನೇಕಾರರ ಮನೆಗಳಿಗೂ ಬಂದವು. ಪಟವನ್ನು ನಾನು ತೆಗೆಯುವುದಿಲ್ಲ. ದೇವರು ಮಕ್ಕಳನ್ನು ಕಾಯುತ್ತಾನೆ ಅನ್ನುವುದು ಸತ್ಯ, ಮಕ್ಕಳ ದೂತರು ಯಾವಾಗಲೂ ತಂದೆಯ ಮುಖವನ್ನು ನೋಡುತ್ತಿರುತ್ತಾರೆ ಅಂತ ಯೇಸು ಸ್ವಾಮಿಯೇ ಹೇಳಿದ್ದಾನೆ. ಆದರೆ ಆ ಪಟ ನೋಡಿ ಬೆಳೆದವರಿಗೆ ಅಂಜಿಕೆ ಅನ್ನುವುದು ಗೊತ್ತಾಗುವುದಿಲ್ಲ. ಸತ್ಯವೇದದಲ್ಲಿ ದೇವದೂತನನ್ನು ಕಂಡವರು ಮೊದಲು ಅಂಜುತ್ತಾರೆ. ಜಕರೀಯ ಯಾಜಕ, ದೇವಾಲಯದೊಳಗೇ ಇದ್ದ, ಆದರೂ ನಡುಗಿದ. ದಾನಿಯೇಲನ ಮೈಯಲ್ಲಿ ಶಕ್ತಿಯೇ ಉಳಿಯಲಿಲ್ಲ. ಸಮಾಧಿ ಕಾಯುತ್ತಿದ್ದ ಸಿಪಾಯಿಗಳು ಸತ್ತವರ ಹಾಗೆ ಬಿದ್ದರು.

ಕ್ರಿಸ್ಮಸ್ ನಾಟಕಕ್ಕೆ ಸಂಡೇ ಸ್ಕೂಲಿನ ಮಕ್ಕಳಿಗೆ ರೆಕ್ಕೆ ಮಾಡಿಕೊಡುವವಳು ನಾನೇ ಅಲ್ಲವಾ. ಸೀರೆ ಅಂಗಡಿಯಿಂದ ರಟ್ಟಿನ ಡಬ್ಬಿ ತಂದು, ಕತ್ತರಿಸಿ, ಹತ್ತಿ ಅಂಟಿಸಿ, ಅಂಚಿಗೆ ಜರಿ ಹಚ್ಚಿ, ಎಲಾಸ್ಟಿಕ್ ಹೊಲಿದು ಹೆಗಲಿಗೆ ಸಿಗಿಸುವುದು. ಎಡಗಡೆಯದು ಜೋತು ಬೀಳುತ್ತದೆ, ಪಿನ್ನು ಹಾಕಿದರೆ ಮಗು ಅಳುತ್ತದೆ. ಅದನ್ನು ಮುಂದೆಯೂ ಮಾಡುತ್ತೇನೆ, ಮಕ್ಕಳಿಗೆ ಅದು ಬೇಕು. ಆದರೆ ಕುರುಬರ ಪಾತ್ರದ ಹುಡುಗರು ದೇವದೂತನನ್ನು ನೋಡಿ ನಗುನಗುತ್ತ ನಿಲ್ಲುವುದು ನನಗೆ ಸೇರುವುದಿಲ್ಲ. ನಮ್ಮ ಹೊಲಗಳಲ್ಲಿ ಕುರಿ ತರುಬುವವರನ್ನು ನೀನು ನೋಡಿದ್ದೀ. ಸುಗ್ಗಿ ಮುಗಿದ ಎರೆಹೊಲದಲ್ಲಿ ಬಲೆ ಕಟ್ಟಿ, ಕುರಿ ಒಳಗೆ ಹಾಕಿ, ಕಂಬಳಿ ಹೊದ್ದು ರಾತ್ರಿಯೆಲ್ಲ ಬಯಲಲ್ಲಿ ಮಲಗುವವರು. ಕಪ್ಪತಗುಡ್ಡದ ಕಡೆ ತೋಳಗಳಿವೆ. ನಾಯಿ ಬೊಗಳಿದರೆ ಕೋಲು ಹಿಡಿದು ಕತ್ತಲೆಗೇ ಓಡುವ ಗಂಡಸರು ಅವರು. ಬೇತ್ಲೆಹೇಮಿನ ಕುರುಬರೂ ಅಂಥವರೇ ಇದ್ದಿರಬೇಕು. ಅಂಥವರು ಬಹಳ ಅಂಜಿದರು ಅಂತ ಲೂಕನು ಬರೆದಿದ್ದಾನೆ. ಅದಕ್ಕೇ ದೇವದೂತನ ಬಾಯಿಂದ ಬಂದ ಮೊದಲ ಮಾತು, ಹೆದರಬೇಡಿರಿ. ಅಂಜಿಕೆಯನ್ನು ತೆಗೆದುಬಿಟ್ಟರೆ ಆ ಮಾತಿಗೆ ತೂಕವೇ ಇರುವುದಿಲ್ಲ.

ಸಿನಿಮಾಗಳಲ್ಲಿ ನನಗೆ ಮೆಚ್ಚುಗೆಯಾದವೂ ಇವೆ. 1946ರ ಅಮೆರಿಕದ ಸಿನಿಮಾ ಒಂದಿದೆ, ಇಟ್ಸ್ ಎ ವಂಡರ್‌ಫುಲ್ ಲೈಫ್. ಸಾಲದಲ್ಲಿ ಸಿಕ್ಕು ಸಾಯಲು ಹೊರಟ ಒಬ್ಬ ಸಂಸಾರಸ್ಥನನ್ನು ಕ್ರಿಸ್ಮಸ್ ಹಿಂದಿನ ರಾತ್ರಿ ಕ್ಲಾರೆನ್ಸ್ ಎಂಬ ದೇವದೂತ ಉಳಿಸುತ್ತಾನೆ. ನೀನು ಹುಟ್ಟದೇ ಇದ್ದಿದ್ದರೆ ಊರು ಏನಾಗುತ್ತಿತ್ತು ಅಂತ ತೋರಿಸುತ್ತಾನೆ. ನೋಡಿ ಅತ್ತಿದ್ದೇನೆ. ಆದರೆ ಆ ಕ್ಲಾರೆನ್ಸ್ ಸತ್ತ ಮನುಷ್ಯ, ರೆಕ್ಕೆ ಸಂಪಾದಿಸಲು ದುಡಿಯುತ್ತಿರುವವನು. ಗಂಟೆ ಬಾರಿಸಿದಾಗಲೆಲ್ಲ ಒಬ್ಬ ದೇವದೂತನಿಗೆ ರೆಕ್ಕೆ ಬರುತ್ತದೆ ಎಂಬ ಮಾತು ಅಲ್ಲಿಂದಲೇ ಲೋಕಕ್ಕೆಲ್ಲ ಹರಡಿತು. ಸತ್ತವರು ದೇವದೂತರಾಗುತ್ತಾರೆ, ಒಳ್ಳೆಯ ಕೆಲಸ ಮಾಡಿ ಮೇಲಕ್ಕೇರುತ್ತಾರೆ, ಇವೆರಡೂ ಸುವಾರ್ತೆಯಲ್ಲಿ ಇಲ್ಲ. 1998ರ ಸಿಟಿ ಆಫ್ ಏಂಜಲ್ಸ್‌ನಲ್ಲಿ ಒಬ್ಬ ದೇವದೂತ ಡಾಕ್ಟರ್ ಹೆಂಗಸನ್ನು ಪ್ರೀತಿಸಿ, ಅಮರತ್ವ ಬಿಟ್ಟು ಮನುಷ್ಯನಾಗುತ್ತಾನೆ. ಆ ಕಥೆ ಜನರ ಎದೆಗೆ ಯಾಕೆ ತಾಗುತ್ತದೆ ಅಂದರೆ ಅದರೊಳಗೆ ಒಂದು ಸತ್ಯದ ನೆರಳಿದೆ ಅನ್ನುತ್ತೇನೆ. ಮೇಲಿನ ಮಹಿಮೆ ಬಿಟ್ಟು, ಮನುಷ್ಯರ ಪ್ರೀತಿಗಾಗಿ ರಕ್ತಮಾಂಸ ಧರಿಸಿ, ನೋವು ಸಾವುಗಳಿಗೆ ಒಳಗಾಗಿ ಬಂದವನು ಒಬ್ಬನಿದ್ದಾನೆ, ದೇವದೂತರೇ ಅಡ್ಡಬೀಳುವ ಕರ್ತನು. ಆ ಪಟ್ಟವನ್ನು ದೇವದೂತನಿಗೆ ಕೊಟ್ಟು ಕರ್ತನನ್ನು ಮರೆತುಬಿಡುತ್ತಾರೆ.

ಲೂಸಿಫರ್ ಬೇರೆ ಜಾತಿಯದು. 2016ರಲ್ಲಿ ಅಮೆರಿಕದ ಟೀವಿಯಲ್ಲಿ ಶುರುವಾಗಿ 2021ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಮುಗಿಯಿತಂತೆ. ನಿನ್ನ ತಮ್ಮನ ಮೊಬೈಲಿನಲ್ಲಿ ನಾನೂ ಸ್ವಲ್ಪ ನೋಡಿದೆ. ಸೈತಾನನು ನರಕ ಬೇಸರವಾಗಿ ಲಾಸ್ ಏಂಜಲೀಸ್‌ಗೆ ಬಂದು ಕ್ಲಬ್ ನಡೆಸುತ್ತಾನೆ, ಪೊಲೀಸರಿಗೆ ಕೊಲೆಗಾರರನ್ನು ಹಿಡಿದುಕೊಡುತ್ತಾನೆ. ರೂಪವಂತ, ಮಾತುಗಾರ, ತಂದೆಯ ಮೇಲೆ ಮುನಿದ ಮಗ, ನೋಡಿದವರಿಗೆ ಕನಿಕರ ಹುಟ್ಟುವ ಹಾಗೆ ಮಾಡಿದ್ದಾರೆ. ನಾನು ಎಂದೂ ಸುಳ್ಳು ಹೇಳುವುದಿಲ್ಲ ಅನ್ನುವುದು ಅವನ ಹೆಮ್ಮೆ. ಅಲ್ಲಿ ನನ್ನ ಮೈ ಝುಮ್ಮೆಂದಿತು. ಯೋಹಾನನ ಸುವಾರ್ತೆ ಎಂಟನೆಯ ಅಧ್ಯಾಯದಲ್ಲಿ ನಮ್ಮ ಸ್ವಾಮಿಯು ಅವನನ್ನು ಸುಳ್ಳಿಗೆ ಮೂಲಪುರುಷ ಅಂತ ಕರೆದಿದ್ದಾನೆ. ಸೈತಾನನೂ ಬೆಳಕಿನ ದೂತನ ವೇಷ ಹಾಕಿಕೊಳ್ಳುತ್ತಾನೆ ಅಂತ ಪೌಲನು ಕೊರಿಂಥದವರಿಗೆ ಬರೆದ. ನೋಡಬೇಡ ಅಂತ ನಾನು ಹೇಳುವುದಿಲ್ಲ, ನೀನು ದುಡಿದು ತಿನ್ನುವ ಹುಡುಗಿ. ಆದರೆ ಸೀರಿಯಲ್ ಮುಗಿದ ಮೇಲೆ ನಿನ್ನ ಮರುಕ ಯಾರ ಕಡೆ ವಾಲಿದೆ, ಸಿಟ್ಟು ಯಾರ ಮೇಲೆ ಉಳಿದಿದೆ ಅಂತ ನೋಡಿಕೋ. ದೇವರ ಮೇಲೆ ಉಳಿದಿದ್ದರೆ, ಅದು ಎಲ್ಲಿಂದ ಬಂತು ಅಂತ ನಿನಗೆ ತಿಳಿದಿರಲಿ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಅಜ್ಜಿ ರಾತ್ರಿ ಮಲಗುವ ಮೊದಲು ಹೇಳುತ್ತಿದ್ದ 91ನೆಯ ಕೀರ್ತನೆಯಲ್ಲಿ, ನಿನ್ನ ಕಾಲು ಕಲ್ಲಿಗೆ ತಗಲದ ಹಾಗೆ ದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುವರು ಅಂತ ಬರುತ್ತದೆ. ಆ ಮಾತನ್ನು ಯೇಸುವಿನ ಮುಂದೆ ಎತ್ತಿ ಆಡಿದವನು ಸೈತಾನ. ದೇವಾಲಯದ ತುದಿಯಿಂದ ಕೆಳಗೆ ಹಾರು, ದೂತರು ಹಿಡಿಯುತ್ತಾರೆ ಅಂದ. ದೇವದೂತರನ್ನು ಜನರ ಕಣ್ಣಿಗೆ ಆಟ ಮಾಡು ಅನ್ನುವ ಸಲಹೆ ಅವನ ಬಾಯಿಂದ ಬಂದದ್ದು ನೋಡು. ಕರ್ತನು ಹಾರಲಿಲ್ಲ. ಸೈತಾನ ಹೋದ ಮೇಲೆ ದೂತರು ಬಂದು ಉಪಚಾರ ಮಾಡಿದರು, ನೋಡುವವರು ಯಾರೂ ಇರಲಿಲ್ಲ. ಗೆತ್ಸೇಮನೆ ತೋಟದಲ್ಲಿ ಯೇಸುವನ್ನು ಹಿಡಿಯಲು ಬಂದಾಗ, ನಾನು ಕೇಳಿದರೆ ತಂದೆಯು ಹನ್ನೆರಡು ಗಣಕ್ಕಿಂತ, ಅಂದರೆ ಹನ್ನೆರಡು ದೊಡ್ಡ ದಂಡಿಗಿಂತ ಹೆಚ್ಚು ದೂತರನ್ನು ಕಳಿಸುವನು ಅಂದ. ಯೆಹೂದದ ಅರಸ ಹಿಜ್ಕೀಯನ ಕಾಲದಲ್ಲಿ ಒಬ್ಬನೇ ದೂತನು ಒಂದೇ ರಾತ್ರಿ ಅಶ್ಶೂರದ ದಂಡಿನಲ್ಲಿ 1,85,000 ಮಂದಿಯನ್ನು ಹೊಡೆದ ಅಂತ ಅರಸುಗಳ ಪುಸ್ತಕದಲ್ಲಿದೆ. ಹನ್ನೆರಡು ಗಣ ಕರೆಯಬಹುದಾಗಿದ್ದವನು ಒಬ್ಬನನ್ನೂ ಕರೆಯದೆ ಶಿಲುಬೆಗೆ ನಡೆದ, ನಿನಗಾಗಿ, ನನಗಾಗಿ. ಯಾವ ಪರದೆಯೂ ಈ ಸುಮ್ಮನಿರುವಿಕೆಯನ್ನು ತೋರಿಸಿದ್ದು ನಾನು ಕಂಡಿಲ್ಲ.

ರೀಲ್ಸ್‌ನಲ್ಲಿ 111, 444 ಕಂಡರೆ ದೇವದೂತರ ಸಂಕೇತ ಅಂತ ಹೇಳುತ್ತಾರಲ್ಲ, ಅದರ ಗೊಡವೆಗೆ ಹೋಗಬೇಡ. ಗಡಿಯಾರ, ಬಸ್ ಟಿಕೆಟ್ ನೋಡಿ ಭವಿಷ್ಯ ಹುಡುಕುವುದಕ್ಕೆ ನಾವು ದೀಕ್ಷಾಸ್ನಾನ ತೆಗೆದುಕೊಂಡವರಲ್ಲ.

ಈಗ ಅಜ್ಜಿ. ಅಜ್ಜಿ ದೇವದೂತಳಾಗಿಲ್ಲ, ಮಗಳೇ. ಈ ಮಾತು ಕೇಳಿ ನಿನ್ನ ಮನಸ್ಸು ನೊಂದೀತು, ಆದರೂ ಪೂರ್ತಿ ಓದು. ಪುನರುತ್ಥಾನದಲ್ಲಿ ದೇವದೂತರಂತೆ ಇರುತ್ತಾರೆ ಅಂತ ಸ್ವಾಮಿ ಹೇಳಿಲ್ಲವೇ ಅಂತ ನೀನು ಕೇಳಬಹುದು. ಅದು ಮದುವೆಯ ವಿಷಯದಲ್ಲಿ ಕೊಟ್ಟ ಉತ್ತರ, ಅಲ್ಲಿ ಮದುವೆ ಮಾಡಿಕೊಳ್ಳುವುದಿಲ್ಲ ಅನ್ನುವುದಕ್ಕೆ. ನಾವು ಪ್ರತಿ ಭಾನುವಾರ ವಿಶ್ವಾಸಪ್ರಮಾಣದಲ್ಲಿ ಹೇಳುವುದು ಶರೀರದ ಪುನರುತ್ಥಾನವನ್ನು. ಎದ್ದುಬಂದ ಯೇಸು ಕೈ ಕಾಲು ತೋರಿಸಿದ, ಸುಟ್ಟ ಮೀನಿನ ತುಂಡು ತಿಂದ, ಗಾಯದ ಗುರುತು ಹಾಗೇ ಇತ್ತು. ಅಜ್ಜಿ ಎದ್ದು ಬರುವುದೂ ಅಜ್ಜಿಯಾಗಿಯೇ. ಹುಡುಗಿಯಾಗಿದ್ದಾಗಿನಿಂದ ಮಗ್ಗದ ಕಂಡಿಕೆಗೆ ನೂಲು ಸುತ್ತಿ ಸುತ್ತಿ ಅವಳ ಬಲಗೈ ಹೆಬ್ಬೆರಳಿನ ಪಕ್ಕ ನೂಲಿನ ಗೆರೆ ಬಿದ್ದಿತ್ತು, ಕಡೆಯ ತಿಂಗಳುಗಳಲ್ಲಿ ನಾನು ಎಣ್ಣೆ ಹಚ್ಚುವಾಗ ನನ್ನ ಬೆರಳಿಗೆ ತಾಗುತ್ತಿತ್ತು. ಆ ಕೈಯನ್ನು ದೇವರು ಮರೆಯುವುದಿಲ್ಲ. ಅವಳಿಗೆ ರೆಕ್ಕೆ ಕೊಡುವುದೆಂದರೆ ಅವಳಿಗೆ ಕೊಟ್ಟಿರುವ ವಾಗ್ದಾನಕ್ಕಿಂತ ಕಡಿಮೆಯದನ್ನು ಕೊಟ್ಟ ಹಾಗೆ. ಯೇಸು ಸಹಾಯ ಮಾಡುವುದು ದೇವದೂತರಿಗಲ್ಲ, ಅಬ್ರಹಾಮನ ಸಂತತಿಗೆ ಅಂತ ಇಬ್ರಿಯರಿಗೆ ಬರೆದ ಪತ್ರದಲ್ಲಿದೆ. ನಮಗೆ ಸಿಕ್ಕ ಈ ರಕ್ಷಣೆಯನ್ನು ಬಗ್ಗಿ ನೋಡಬೇಕೆಂದು ದೇವದೂತರೇ ಆಸೆಪಡುತ್ತಾರೆ ಅಂತ ಪೇತ್ರ ಬರೆದ. ಅಜ್ಜಿ ಆ ರಕ್ಷಣೆಯೊಳಗೇ ತೀರಿಕೊಂಡಳು.

ದೇವದೂತರ ಆದರಣೆ ಬೇಕು ಅನಿಸಿದರೆ ಬಡ ಲಾಜರನ ಕಥೆ ಓದು. ಐಶ್ವರ್ಯವಂತನ ಬಾಗಿಲಲ್ಲಿ ಬಿದ್ದಿದ್ದ ಅವನು ಸತ್ತಾಗ ದೂತರು ಬಂದು ಒಯ್ದರು. ಅಜ್ಜಿಗೂ ಹಾಗೆಯೇ ಆಯಿತು ಅಂತ ನಾನು ನಂಬುತ್ತೇನೆ. ನಿನಗೆ ಕೆಲಸದ ದಣಿವು ಹೆಚ್ಚಾದ ದಿನ ಒಂದನೆಯ ಅರಸುಗಳು 19 ತೆಗೆ. ಸಾಕು, ಪ್ರಾಣ ತೆಗೆದುಕೋ ಅಂತ ಗಿಡದ ಕೆಳಗೆ ಮಲಗಿದ್ದ ಪ್ರವಾದಿ ಎಲೀಯನನ್ನು ದೂತನು ಮುಟ್ಟಿ, ಎದ್ದು ಊಟ ಮಾಡು ಅಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಉಂಡು ಮತ್ತೆ ಮಲಗಿದ, ದೂತ ಎರಡನೆಯ ಸಲ ಎಬ್ಬಿಸಿ ಉಣಿಸಿದ, ಮುಂದೆ ದಾರಿ ದೂರ ಇದೆ ಅಂತ.

ನನ್ನದೊಂದು ವಿನಂತಿ. ಆ ಸ್ಟೇಟಸ್ ತೆಗೆದು, ಅಜ್ಜಿ ಮಗ್ಗದ ಪಕ್ಕ ಕೂತು ಕಂಡಿಕೆ ಸುತ್ತುತ್ತಿರುವ ಫೋಟೋ ಇದೆಯಲ್ಲ, ಅದನ್ನು ಹಾಕು. ನಿನ್ನ ಹತ್ತಿರ ಇಲ್ಲದಿದ್ದರೆ ತಮ್ಮ ಕಳಿಸುತ್ತಾನೆ. ಕ್ರಿಸ್ಮಸ್ ರಜೆ ಮೊದಲೇ ಬರೆಸು, ಈ ಸಲ ಕುರುಬರ ಪಾತ್ರದ ಹುಡುಗರಿಗೆ ನೀನೇ ಹೇಳಿಕೊಡಬೇಕು. ನಿನ್ನ ರೂಮಿನ ಹುಡುಗಿಯರು ಏನೇನು ಕೇಳುತ್ತಾರೆ ಅದನ್ನೂ ಬರಿ, ನನಗೆ ತಿಳಿಯದ್ದನ್ನು ಚರ್ಚಿನ ಅಯ್ಯನವರನ್ನು ಕೇಳಿ ತಿಳಿಸುತ್ತೇನೆ.

ಇಂತಿ ನಿನ್ನ ಪ್ರೀತಿಯ
ಅವ್ವ