ಮೆಕ್ಕೆಜೋಳ ಬಿಟ್ಟವನ ಅಡುಗೆಮನೆ

ಪ್ರೀತಿಯ ಮಲ್ಲು,

ಯಾದಗಿರಿಯಿಂದ ನೀನು ಕಳಿಸಿದ ರಿಪೋರ್ಟ್ ನೋಡಿದೆ. ಮೆಕ್ಕೆಜೋಳ ಮೈಗೆ ಆಗಲ್ಲ ಅಂತ ಬಂದಿದೆ. "ಇನ್ನು ರೊಟ್ಟಿನೂ ಬಿಡಬೇಕೇನೋ" ಅಂತ ಬರೆದಿದ್ದೀಯಲ್ಲ, ಮೊದಲು ಅದಕ್ಕೇ ಉತ್ತರ ಕೊಡ್ತೀನಿ. ಇದೇ ಅಲರ್ಜಿ ಇರುವ ನಾನು ಇಲ್ಲಿ ಕಲಬುರಗಿಯಲ್ಲಿ ದಿನಾ ಬಿಳಿಜೋಳದ ರೊಟ್ಟಿ ತಿನ್ನುತ್ತಿದ್ದೇನೆ. ಆದರೆ ನನಗೆ ಒಗ್ಗಿದ್ದು ನಿನಗೂ ಒಗ್ಗಲೇಬೇಕು ಅಂತಿಲ್ಲ. ಎರಡೂ ಒಂದೇ ಹುಲ್ಲಿನ ಕುಲದವು, ಹತ್ತಿರದ ನೆಂಟರು. ಕೆಲವರಿಗೆ ಎರಡೂ ಆಗುವುದಿಲ್ಲ. ತಿಂದು ನೋಡಿಯೇ ಬಿಡೋಣ ಅನ್ನಬೇಡ, ಡಾಕ್ಟರನ್ನು ಕೇಳು.

ರೊಟ್ಟಿ ಉಳಿದರೆ ಮನೆಯಲ್ಲಿ ಬಿಡುವಂಥದ್ದು ಏನೂ ಜಾಸ್ತಿ ಇಲ್ಲ. ತೊಗರಿಬೇಳೆ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಇದರಲ್ಲಿ ಮೆಕ್ಕೆಜೋಳ ಎಲ್ಲಿ ಬಂತು? ತಲೆನೋವು ಇರುವುದು ಗಿರಣಿಯಲ್ಲಿ. ನಿನಗಿಂತ ಮುಂಚೆ ಯಾರೋ ಮೆಕ್ಕೆಜೋಳ ಬೀಸಿಸಿ ಹೋಗಿರುತ್ತಾರೆ. ಕಲ್ಲಿನ ಸಂದಿಯಲ್ಲಿ, ಹಿಟ್ಟು ಬೀಳುವ ಬಟ್ಟೆಯ ಚೀಲದ ಮಡಿಕೆಯಲ್ಲಿ ಹಳದಿ ಪುಡಿ ಅಂಟಿಕೊಂಡಿರುತ್ತದೆ. ಕೊಡವಿದರೂ ಪೂರ್ತಿ ಹೋಗಲ್ಲ. ನಿಮ್ಮ ವೈನಿ ಈಗ ಮೆಕ್ಕೆಜೋಳವನ್ನೇ ಬೀಸದ ಗಿರಣಿ ಹುಡುಕಿಕೊಂಡಿದ್ದಾಳೆ, ಮನೆಯಿಂದ ಸ್ವಲ್ಪ ದೂರ. ಅಂಥದ್ದು ನಿಮ್ಮ ಕಡೆ ಸಿಗದಿದ್ದರೆ ಮನೆಗೊಂದು ಸಣ್ಣ ಹಿಟ್ಟಿನ ಯಂತ್ರ ತಗೋ, ದುಡ್ಡಿನ ಮುಖ ನೋಡಬೇಡ.

ಕಡಲೆಹಿಟ್ಟಿನ ಮೇಲೂ ಕಣ್ಣಿರಲಿ. ಬಿಡಿಯಾಗಿ ಮಾರುವ ಹಿಟ್ಟಿಗೆ ಮೆಕ್ಕೆಜೋಳದ ಹಿಟ್ಟು ಬೆರೆಸುವುದು ಹಳೇ ಚಾಳಿ. ಮಿರ್ಚಿ ಭಜಿ ಬಿಟ್ಟು ಬದುಕುವುದು ನಮ್ಮಿಂದ ಆಗದ ಮಾತು. ಹಾಗಾಗಿ ಬೇಳೆ ತಂದು ಬೀಸಿಸಿ ಮನೆಯಲ್ಲೇ ಕರಿಯುತ್ತೇವೆ.

ಗೋಬಿ ಮಂಚೂರಿ ಬಂಡಿಯ ಕಡೆ ತಿರುಗಿ ನೋಡಬೇಡ. ಅಲ್ಲಿ ಹಿಟ್ಟೂ ಕಾರ್ನ್‌ಫ್ಲೋರೇ, ರಸ ಗಟ್ಟಿ ಮಾಡುವುದೂ ಅದೇ. "ಕಾದ ಎಣ್ಣ್ಯಾಗ ಹಾಕಿದ ಮ್ಯಾಲ ಏನ್ ಉಳೀತದ್ರಿ" ಅಂತ ಬಂಡಿಯವ ವಾದ ಮಾಡುತ್ತಾನೆ. ಉಳಿಯುತ್ತದೆ. ಮೆಕ್ಕೆಜೋಳದಲ್ಲಿ ಅಲರ್ಜಿ ತರುವ ಮುಖ್ಯ ಪ್ರೋಟೀನು ಬಿಸಿಗೆ ಸುಲಭಕ್ಕೆ ಬಗ್ಗುವಂಥದ್ದಲ್ಲ. ಆಸೆಯಾದರೆ ಮನೆಯಲ್ಲಿ ಎರಡು ಪಾಲು ಅಕ್ಕಿಹಿಟ್ಟಿಗೆ ಒಂದು ಪಾಲು ಕಡಲೆಹಿಟ್ಟು ಕಲಸಿ ಕರಿ. ಬಂಡಿಯ ರುಚಿ ಬರಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಮಕ್ಕಳು ತಟ್ಟೆ ಖಾಲಿ ಮಾಡುತ್ತಾರೆ.

ಅಂಗಡಿಯ ಪೊಟ್ಟಣ ಇನ್ನೊಂದು ಕಥೆ. ಕಸ್ಟರ್ಡ್ ಪುಡಿ ಅಂದರೆ ಹೆಚ್ಚುಕಮ್ಮಿ ಕಾರ್ನ್‌ಫ್ಲೋರೇ. ಬೇಕಿಂಗ್ ಪೌಡರ್‌ನಲ್ಲೂ ಎಷ್ಟೋ ಸಲ ಇರುತ್ತದೆ. ನಾವು ಅಡಿಗೆ ಸೋಡಾ, ಮೊಸರಿನಲ್ಲೇ ಸುಧಾರಿಸುತ್ತೇವೆ. ಸಾಸು, ಸೂಪಿನ ಪುಡಿ ಮೇಲೆ ಐಎನ್‌ಎಸ್ (ಬೆರಕೆ ಪದಾರ್ಥಗಳಿಗೆ ಕೊಟ್ಟ ನಂಬರು) 1422, 1442 ಅಂತ ಸಣ್ಣಕ್ಷರದಲ್ಲಿ ಇದ್ದರೆ ಅದು ಮಾರ್ಪಡಿಸಿದ ಸ್ಟಾರ್ಚು. ಯಾವುದರಿಂದ ತೆಗೆದದ್ದು ಅಂತ ಬರೆಯದಿದ್ದರೆ ನಾನು ವಾಪಸ್ ಇಡುತ್ತೇನೆ. ನನಗೆ ಸಿಟ್ಟು ಬರುವುದು ಇಲ್ಲೇ. 2020ರ ಲೇಬಲ್ ನಿಯಮದಲ್ಲಿ ಹಾಲು, ಮೊಟ್ಟೆ, ಶೇಂಗಾ, ಸೋಯಾ ಇದ್ದರೆ ಎದ್ದು ಕಾಣುವಂತೆ ಹೇಳಲೇಬೇಕು. ಮೆಕ್ಕೆಜೋಳ ಆ ಪಟ್ಟಿಯಲ್ಲೇ ಇಲ್ಲ. ನಮ್ಮಂಥವರು ಕನ್ನಡಕ ಏರಿಸಿಕೊಂಡು ಅಂಗಡಿಯಲ್ಲಿ ನಿಂತಿರಬೇಕು, ಅಲ್ವಾ?

ಮದುವೆ ಮನೆಯಲ್ಲಿ ಜಗಳ ಆಡಬೇಡ. "ಒಂದ್ ತುತ್ತಿಗಿ ಏನ್ ಆಗ್ತದೋ ತಮ್ಮಾ" ಅಂತ ದೊಡ್ಡವರು ಒತ್ತಾಯ ಮಾಡುತ್ತಾರೆ. "ಡಾಕ್ಟರ್ ಪಥ್ಯ ಹೇಳ್ಯಾರ್ರಿ" ಅಂದುಬಿಡು. ಅಲರ್ಜಿ ಅಂದರೆ ಮುಖ ನೋಡುವವರು ಪಥ್ಯ ಅಂದರೆ ಸುಮ್ನಾಗುತ್ತಾರೆ.

ಹೋಳಿ ಬಣ್ಣದ ಬಗ್ಗೆಯೂ ಎಚ್ಚರ. ಹರ್ಬಲ್ ಅಂತ ಮಾರುವ ಎಷ್ಟೋ ಗುಲಾಲು ಕಾರ್ನ್ ಸ್ಟಾರ್ಚಿನದ್ದೇ. ತುಟಿ ಊದಿದರೆ, ಉಸಿರು ಕಟ್ಟಿದರೆ ಮಾತ್ರೆ ನುಂಗಿ ಮಲಗಬೇಡ, ನೇರ ಆಸ್ಪತ್ರೆಗೆ ಓಡು. ಆಗ ಬೇಕಾಗುವುದು ಅಡ್ರಿನಲಿನ್ ಇಂಜೆಕ್ಷನ್.

ಹೋಳಿ ಮುಗಿದ ಮೇಲೆ ಶರಣಬಸವೇಶ್ವರ ಜಾತ್ರೆ ಇದೆ, ತಂಗಿನೂ ಕರ್ಕೊಂಡು ಬಾ. ಊಟ ನಮ್ಮ ಮನೆಯಲ್ಲೇ. ಬರುವಾಗ ಬಿಪಿ ಮಾತ್ರೆಯ ಚೀಟಿ ಮರೆಯಬೇಡ. ಮಾತ್ರೆ ಕಟ್ಟಲು ಮೆಕ್ಕೆಜೋಳದ ಸ್ಟಾರ್ಚ್ ಬಳಸುವುದುಂಟು. ನೀನಾಗೇ ನಿಲ್ಲಿಸಬೇಡ, ಇಲ್ಲಿ ನನ್ನ ಡಾಕ್ಟರಿಗೆ ತೋರಿಸಿ ಕೇಳೋಣ. ಅವರು ಬೆಳಿಗ್ಗೆ ಮಾತ್ರ ಸಿಗುತ್ತಾರೆ, ಹಿಂದಿನ ರಾತ್ರಿಯೇ ಬಂದುಬಿಡು.

ನಿನ್ನ,
ಸಿದ್ದು