ಸಂಶೋಧಕರಿಂದಲೇ ಬರೆಸಿ

ಮಾನ್ಯರೆ,

ವೈದ್ಯಕೀಯ ಸಂಶೋಧನೆ ಪತ್ರಿಕೆಗೆ ಬರುವಷ್ಟರಲ್ಲಿ ಬಹಳ ಸಲ ‘ಅಪಾಯ ಅರ್ಧದಷ್ಟು ಕಡಿಮೆ’ ಎಂಬ ಒಂದು ಸಾಲಾಗಿರುತ್ತದೆ. ಯಾವುದಕ್ಕೆ ಹೋಲಿಸಿ ಅರ್ಧ ಎಂಬುದೇ ಬಿಟ್ಟುಹೋಗಿರುತ್ತದೆ.

ಅಮೆರಿಕದ ವೈದ್ಯ, ಸಂಶೋಧಕ ಲೂಯಿಸ್ ಥಾಮಸ್ (1913–1993) ಈ ಹೋಲಿಕೆಯ ಬೆಲೆಯನ್ನು ಪ್ರಯೋಗಾಲಯದಲ್ಲೇ ಕಲಿತವರು. ಪಪ್ಪಾಯಿಯ ಪಪೇನ್ ಕಿಣ್ವವನ್ನು ಮೊಲದ ರಕ್ತನಾಳಕ್ಕೆ ಚುಚ್ಚಿದರೆ ನೆಟ್ಟಗಿದ್ದ ಕಿವಿಗಳು ಕೆಲವೇ ಗಂಟೆಗಳಲ್ಲಿ ಜೋತುಬೀಳುತ್ತಿದ್ದವು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮೊದಲು ಕಾರಣ ಸಿಗಲಿಲ್ಲ. ವರ್ಷಗಳ ನಂತರ ಆರೋಗ್ಯವಂತ ಮೊಲದ ಕಿವಿಯ ಸೀಳನ್ನು ಪಕ್ಕದಲ್ಲಿಟ್ಟಾಗ ಗೊತ್ತಾಯಿತು: ಕಿವಿಯನ್ನು ನೆಟ್ಟಗಿಡುವ ಮೃದ್ವಸ್ಥಿಯ (ಮೆತ್ತನೆಯ ಎಲುಬಿನ) ಜೀವಕೋಶಗಳ ನಡುವಿನ ಪದಾರ್ಥವೇ ಕರಗಿತ್ತು. ಅದೇ ಥಾಮಸ್ 1971ರಲ್ಲಿ, 57ರ ವಯಸ್ಸಿನಲ್ಲಿ, ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಂಕಣ ಶುರುಮಾಡಿದರು. 1974ರಲ್ಲಿ ಪುಸ್ತಕವಾದ ಆ ಬರಹಗಳನ್ನು ವೈದ್ಯರಲ್ಲದವರೂ ಮುಗಿಬಿದ್ದು ಓದಿದರು.

ನಮ್ಮ ಸಂಶೋಧಕರಿಗೂ ಹಾಗೆ ಬರೆಯಲು ವಿಷಯಕ್ಕೇನು ಕೊರತೆ? ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆಯ ಅಧ್ಯಯನ ನಡೆದದ್ದು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ. ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದದ್ದು 2006ರಲ್ಲಿ. ಭಾಗವಹಿಸಿದ ತಾಯಂದಿರು 1,620. ಅರ್ಧದಷ್ಟು ಮಂದಿಗೆ ಔಷಧ, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ. ಕೊಟ್ಟವರು ಆರೋಗ್ಯ ಸಹಾಯಕಿಯರು. ರಕ್ತವನ್ನು ಕಣ್ಣಂದಾಜಿನಲ್ಲಿ ಅಳೆದರೆ ಕಡಿಮೆ ಹೇಳುವುದೇ ಹೆಚ್ಚು. ಅದಕ್ಕಾಗಿ ಹೆರಿಗೆಯಾದ ಕೂಡಲೇ ತಾಯಿಯ ಕೆಳಗೆ ಅಳತೆಯ ಗುರುತುಗಳಿದ್ದ ಪ್ಲಾಸ್ಟಿಕ್ ಚೀಲ ಹಾಸಿದರು. 500 ಮಿ.ಲೀ. ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದವರು ಹುಸಿ ಮಾತ್ರೆಯ ಗುಂಪಿನಲ್ಲಿ ನೂರಕ್ಕೆ 12, ಔಷಧದ ಗುಂಪಿನಲ್ಲಿ 6.4. ಅಂದರೆ 18 ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬರಿಗೆ ಆಗಬಹುದಾಗಿದ್ದ ಅತಿಸ್ರಾವ ತಪ್ಪುತ್ತದೆ. ‘ಅರ್ಧ ಕಡಿಮೆ’ ಎನ್ನುವುದಕ್ಕಿಂತ ಇದು ಮನೆಮಂದಿಗೆ ಬೇಗ ತಿಳಿಯುತ್ತದೆ.

ಈ ಮಾತ್ರೆಯಿಂದ ಚಳಿ ನಡುಕ, ಜ್ವರ ಬರಬಹುದೆಂದೂ ಇದರ ಬಗ್ಗೆ ಬರೆಯುವ ಲೇಖನ ಹೇಳಬೇಕು. ಅದಕ್ಕಿಂತ ಮುಖ್ಯ, ಇದು ಮಗು ಹುಟ್ಟಿದ ಮೇಲೆ ಕೊಡುವ ಪ್ರಮಾಣ. ಮಗು ಹೊಟ್ಟೆಯಲ್ಲಿರುವಾಗಲೇ ಕೊಟ್ಟರೆ ಗರ್ಭಕೋಶ ಬಿಗಿಯಾಗಿ ಹಿಂಡಿ ಹರಿದುಹೋಗುವ ಅಪಾಯವಿದೆ. ಈ ಸಾಲು ಬಿಟ್ಟ ಲೇಖನ ಅಚ್ಚಾಗದಿರುವುದೇ ಮೇಲು.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಊರುಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿನ ಸಂಶೋಧಕರಿಗೆ ವಾರಕ್ಕೊಮ್ಮೆ ನಾನೂರು ಪದಗಳ ಜಾಗ ಕೊಡಿ. ಯಾವುದನ್ನು ಯಾವುದಕ್ಕೆ ಹೋಲಿಸಿದ್ದು, ಎಷ್ಟು ಜನರಲ್ಲಿ, ಅಡ್ಡಪರಿಣಾಮ ಏನು ಎಂಬುದನ್ನು ಬರೆಯಲೇಬೇಕೆಂದು ಮೊದಲೇ ಹೇಳಿಬಿಡಿ. ಅಚ್ಚಿಗೆ ಹೋಗುವ ಮುನ್ನ ಕರಡನ್ನು ಬರೆದವರಿಗೆ ತೋರಿಸಿ. ಆ ಅಧ್ಯಯನದಲ್ಲಿ ಕೊಟ್ಟ ಮಿಸೊಪ್ರೊಸ್ಟಾಲ್ ಪ್ರಮಾಣ 600 ಮೈಕ್ರೊಗ್ರಾಂ, ಅಂದರೆ 200ರ ಮೂರು ಮಾತ್ರೆ. ಮೈಕ್ರೊ ಇದ್ದಲ್ಲಿ ಮಿಲಿ ಎಂದು ಅಚ್ಚಾದರೆ ಸಾವಿರ ಪಟ್ಟು ತಪ್ಪಾಗುತ್ತದೆ.

– ವೈದ್ಯಕೀಯ ಬೋಧಕರು, ಬೆಳಗಾವಿ